ಸೋಮವಾರ ಹೂಡದ ಎತ್ತು

ಹುಕ್ಕೇರಿ ಸೀಮೆಯಲ್ಲಿ ನನ್ನ ಮೊದಲ ಸೋಮವಾರ. ಉಳುಮೆಗೆ ಒಳ್ಳೆಯ ಹದವಿದ್ದರೂ ದಾರಿಯುದ್ದಕ್ಕೂ ಹೊಲಗಳಲ್ಲಿ ಒಂದು ಜೋಡಿ ಎತ್ತೂ ಇರಲಿಲ್ಲ. ನಾನು ಮುಖ್ಯಸ್ಥನಾಗಿ ಸೇರಿದ್ದ ಆಸ್ಪತ್ರೆಯ ಅಂಗಳದಲ್ಲಿ ಮಾತ್ರ ಕಾಲಿಡಲು ಜಾಗವಿಲ್ಲ. ಏನೋ ಅನಾಹುತವಾಗಿದೆ ಎಂದು ಓಡಿದೆ.

“ಗಾಬರಿ ಆಗಬ್ಯಾಡ್ರಿ ಸಾಹೇಬ್ರ,” ಎಂದರು ಹಿರಿಯ ನರ್ಸ್ ಮಹಾದೇವಕ್ಕ. “ಸೋಮವಾರ ಬಸವಣ್ಣನ ವಾರ, ಎತ್ತು ಹೂಡಂಗಿಲ್ಲ. ಎತ್ತಿಗೆ ಸೂಟಿ, ರೈತರೆಲ್ಲಾ ಇಲ್ಲಿ.”

ಸೂಟಿ ಎಂದರೆ ರಜೆ. ಹೀಗೇ ನಡೆಯಿತೆಂದು ನೆನಪು; ಈಚೆಗೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ನಮ್ಮ ಮೈಸೂರಿನ ‘ಬನ್ನಿ’ ಇಲ್ಲಿ ‘ಬರ್ರಿ’. ಮೊದಮೊದಲು ಗದರಿದಂತೆ ಕೇಳುತ್ತಿತ್ತು. ಘಟಪ್ರಭಾದ ಬಾಡಿಗೆ ಮನೆಯಲ್ಲಿ ಖಡಕ್ ರೊಟ್ಟಿ ಮುರಿಯುವ ಸದ್ದಿಗೇ ಒಬ್ಬಂಟಿತನ ಹೆಚ್ಚುತ್ತಿತ್ತು. ಮೇಲವಂಕಿಯ ಅಜ್ಜಿಯೊಬ್ಬಳಿಗೆ “ಏನ್ ತ್ರಾಸ ಐತಿ?” ಎಂದು ಕೇಳಿದ ದಿನ ಅವಳು, “ಈಗ ನಮ್ಮ ಡಾಕ್ಟರ್ ಆದಿ ನೋಡು,” ಎಂದು ನಕ್ಕಳು. ಅದೊಂದು ಗೆಲುವು.

ರೋಗಿಗಳನ್ನು ನೋಡಿ ನಾನು ದಣಿದವನಲ್ಲ. ಪಾಳಿ ಹಂಚುವುದು, ಜಗಳ ಬಿಡಿಸುವುದು, ಎಲ್ಲದಕ್ಕೂ ಹೌದು ಅಥವಾ ಇಲ್ಲ ಎನ್ನುವುದು, ಇದು ನಿದ್ದೆ ಮಾಡಿದರೂ ಇಳಿಯದ ದಣಿವು. ಓದುವ ದಿನಗಳಲ್ಲಿ ಇಂಥದ್ದನ್ನು ಕೆಲಸಗಳ್ಳರ ನೆಪವೆಂದು ವಾದಿಸಿದವನು ನಾನು.

ಒಂದು ಮಧ್ಯಾಹ್ನ ಮಹಾದೇವಕ್ಕ ಬಾಗಿಲಲ್ಲಿ ನಿಂತರು. “ಅರವಳಿಕಿ ಡಾಕ್ಟರ್ ಇಬ್ರಿಗೂ ಶುಕ್ರವಾರ ಸೂಟಿ ಕೊಟ್ಟೀರಿ. ಒಬ್ರು ಮೂಡಲಗಿಗೆ ಮದುವಿಗೆ, ಇನ್ನೊಬ್ರು ಗೋಕಾಕಕ್ಕ. ಆಪರೇಶನ್ನಿಗೆ ಅರವಳಿಕಿ ಯಾರು ಕೊಡೋರು, ನಾನಾ?”

“ಒಬ್ಬರಿಗೆ ಮಾತ್ರ ಹೇಳಿದ್ದೆ.”

“ಖರೆ ಹೇಳ್ತೇನ್ರಿ, ಇಬ್ರಿಗೂ ನನ್ನ ಮುಂದನ ಹ್ಞೂಂ ಅಂದೀರಿ.”

ಇಂದಿಗೂ ನನಗೆ ಒಬ್ಬರ ಮುಖವೇ ನೆನಪಿದೆ. ಮಹಾದೇವಕ್ಕ ಕುರ್ಚಿ ಎಳೆದು ಕೂತರು.

“ಎತ್ತಿಗೂ ವಾರಕ್ಕೊಮ್ಮೆ ನೊಗ ಇಳಸ್ತಾರ್ರಿ. ನೀವು ಬಂದಾಗಿಂದ ಇಳಿಸಿಲ್ಲ.”

“ನಾನೇನು ಎತ್ತೇನ್ರಿ?”

“ಎತ್ತಾಗಿದ್ರ ಊರ ಮಂದಿ ನಿಮ್ಮ ಮಾಲಕನ್ನ ಬೈತಿದ್ರು.”

ನಗು ಬಂತು, ಅದರ ಹಿಂದೆಯೇ ಭಯ. ಇನ್ನೊಮ್ಮೆ ಮರೆತರೆ, ಹಿಡಿಯಲು ಆಕೆ ಅಲ್ಲಿರುತ್ತಾರೆಯೇ? ಒಬ್ಬರ ರಜೆ ಮುಂದಕ್ಕೆ ಹಾಕಿಸಿದೆ. ಆ ಸಂಜೆಯೇ ಮುಖ್ಯಸ್ಥನ ಹೊಣೆಯನ್ನು ಸಹೋದ್ಯೋಗಿ ಡಾ. ಪದ್ಮಾವತಿಯವರಿಗೆ ಒಪ್ಪಿಸಿ, ಮೈಸೂರಿಗೆ ತಂಗಿಯ ಮನೆಗೆ ಹೊರಟೆ.

ಅಲ್ಲಿಗೆ ಆಸ್ಪತ್ರೆಯಿಂದ ಒಂದು ಫೋನೂ ಬರಲಿಲ್ಲ. ಶನಿವಾರ ಊಟಕ್ಕೆ ಕೂತವನು ತಡೆಯಲಾರದೆ ನಾನೇ ಮಹಾದೇವಕ್ಕನಿಗೆ ಮಾಡಿದೆ.

“ನಿನ್ನೆ ಎಲ್ಲಾ ಸುಸೂತ್ರ ಆತೇನ್ರಿ ಅಕ್ಕಾರ?”

“ಆತ್ರಿ. ನಿಮ್ಮನ್ನ ಯಾರೂ ಕೇಳಲಿಲ್ಲ. ಮಲಕೋರಿ.”

ಎದೆ ಹಗುರಾಯಿತು, ಸ್ವಲ್ಪ ಚುಚ್ಚಿತು ಕೂಡ.

“ಯಾರ ಹತ್ರ ಅಷ್ಟು ಒರಟಾಗಿ ಮಾತಾಡ್ತಿದ್ದೀಯ?” ಎಂದಳು ತಂಗಿ.

“ನಮ್ಮೋರ ಹತ್ರ,” ಎಂದುಬಿಟ್ಟೆ. ಅವಳು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು.