ಏಳನೇ ನಂಬರಿನ ಕಾಗದ

ಕಳೆದ ವಾರ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದಾಗ ಮೂರನೇ ಬೆಂಚಿನ ಕಡೆಯಿಂದ ಟಿಕ್, ಟಿಕ್ ಎಂದು ಸದ್ದು ಬರುತ್ತಿತ್ತು. ಸೈಕಾಲಜಿ ಓದಲು ಬರುವ ಮಕ್ಕಳಿಗೆ ಸ್ಟಾಟಿಸ್ಟಿಕ್ಸ್ ಅಂದರೆ ಹೇಗೂ ಆಗಿಬರುವುದಿಲ್ಲ. ಯಾರೋ ಬೇಸರ ಕಳೆಯುತ್ತಿದ್ದಾರೆ ಎಂದು ರೇಗಿ ಬೋರ್ಡಿನಿಂದ ತಿರುಗಿದೆ. ಒಬ್ಬಳು ಹುಡುಗಿ ದಪ್ಪನೆಯ ನಾಲ್ಕು ಬಣ್ಣದ ಪೆನ್ನು ಹಿಡಿದು ಕೂತಿದ್ದಳು. ನೀಲಿ ಒತ್ತುವುದು, ಕೆಂಪು ಒತ್ತುವುದು, ಮತ್ತೆ ನೀಲಿ... ಬೈಯಲು ಬಾಯಿ ತೆರೆದವಳು ಬೈಯಲಿಲ್ಲ. ಅಂಥದೇ ಪೆನ್ನು ಮದ್ರಾಸಿನ ಮೈಲಾಪೂರಿನಲ್ಲಿ ನಮ್ಮ ಮೇಲಿನ ಮನೆಯ ಮಾಮನ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು.

ನಾವು ಕೆಳಗೆ, ಅವರು ಮೇಲೆ. ನಮ್ಮಪ್ಪ ಇನ್ಶೂರೆನ್ಸ್ ಕಂಪನಿಯಲ್ಲಿದ್ದರು. ಮಾಮ ರೈಲ್ವೆಯ ಅಂಕಿಅಂಶಗಳ ವಿಭಾಗದಿಂದ ರಿಟೈರ್ ಆಗಿದ್ದರು. ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು, ಯಾವ ಗಾಡಿ ಎಷ್ಟು ತಡ... ಇದೇ ಅವರ ಜೀವಮಾನದ ಕೆಲಸ. ಮೂರು ತಲೆಮಾರಿನಿಂದ ಮದ್ರಾಸಿನಲ್ಲಿದ್ದ ಮನೆತನ ಅವರದು. ಮಾತಿನಲ್ಲಿ ಅರ್ಧ ತಮಿಳು ಬೆರೆತಿದ್ದರೂ "ನಮ್ಮದು ಅಪ್ಪಟ ಕನ್ನಡದ ಮನೆ" ಎಂದು ಬೀಗುತ್ತಿದ್ದರು. ಅವರನ್ನು ನಾನು ತುಂಬ ಹಚ್ಚಿಕೊಂಡಿದ್ದೆ. ಹಾಗಿದ್ದೂ ಒಂದು ಶುಕ್ರವಾರ ಅವರಿಗೆ ಅನ್ನಬಾರದ ಮಾತು ಅಂದೆ. ಅದು ಇಷ್ಟು ವರ್ಷ ನನ್ನ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು.

ಆಗ ನಾನು ಸೈಕಾಲಜಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಚೆನ್ನೈನ ಕನ್ನಡ ಕುಟುಂಬಗಳಲ್ಲಿ ಮನೆಮಾತು ಎಷ್ಟು ಉಳಿದಿದೆ ಎನ್ನುವುದು ನನ್ನ ಪ್ರಬಂಧದ ವಿಷಯ. ನಲವತ್ತು ಮನೆಗೆ ಒಂದೊಂದು ಪ್ರಶ್ನೆಗಳ ಕಾಗದ ಕೊಟ್ಟಿದ್ದೆ. ಮೂಲ ಯಾವ ಕಡೆ, ದಿನಕ್ಕೆ ಎಷ್ಟು ಗಂಟೆ ಕನ್ನಡ ಮಾತಾಡುತ್ತೀರಿ, ಮನೆಯಲ್ಲಿ ಕನ್ನಡದ ಬಳಕೆಗೆ ಒಂದರಿಂದ ಐದರೊಳಗೆ ಯಾವ ಅಂಕಿ ಕೊಡುತ್ತೀರಿ. ಹೆಸರು ಬರೆಯುವಂತಿರಲಿಲ್ಲ, ಕಾಗದಕ್ಕೆ ನಂಬರು ಮಾತ್ರ; ಅದೇ ನಂಬರಿನ ಚೀಟಿ ಆಯಾ ಮನೆಯವರ ಹತ್ತಿರವೇ ಇರುತ್ತಿತ್ತು. ಎಲ್ಲವನ್ನೂ ಒಟ್ಟುಹಾಕಿ ಗೈಡ್ ಮೇಡಂ ಮುಂದೆ ಇಟ್ಟರೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೆಚ್ಚು ಗಂಟೆ ಕನ್ನಡ ಮಾತಾಡುವ ಮನೆಗಳೇ ಬಳಕೆಗೆ ಕಡಿಮೆ ಅಂಕಿ ಕೊಟ್ಟುಕೊಂಡಿದ್ದವು. ಒಂದಕ್ಕೊಂದು ತಾಳೆಯಿಲ್ಲ. ಸೋಮವಾರದೊಳಗೆ ಸರಿಮಾಡು, ಇಲ್ಲದಿದ್ದರೆ ಮುಂದಿನ ವರ್ಷ ನೋಡೋಣ ಎಂದುಬಿಟ್ಟರು. ಒಂದು ಶಾಲೆಯವರು ಕೌನ್ಸೆಲರ್ ಕೆಲಸ ಕೊಡುವುದಾಗಿ ಹೇಳಿದ್ದರು. ಡಿಗ್ರಿ ಕೈಗೆ ಬರದಿದ್ದರೆ ಅದೂ ಹೋಗುತ್ತಿತ್ತು.

ಶುಕ್ರವಾರ ಸಂಜೆ ಕಾಗದದ ಕಟ್ಟು ಎತ್ತಿಕೊಂಡು ಮೇಲೆ ಹೋದೆ. ಮಾಮ ಮೊದಲು ಪೆನ್ನು ತೆಗೆದರು. ಹೆಸರಿಗೆ ಬದಲಾಗಿ ಬರೆದ ಅಂಕಿಗಳಿಗೆ ಕಪ್ಪು. ಬರೀ ಹೆಚ್ಚು ಕಡಿಮೆ ತಿಳಿಸುವ ಅಂಕಿಗಳಿಗೆ ನೀಲಿ. ಸೊನ್ನೆ ಅಂದರೆ ನಿಜವಾಗಿ ಏನೂ ಇಲ್ಲ ಎನ್ನುವಂಥ ಗಂಟೆಗಳ ಸಾಲಿಗೆ ಕೆಂಪು. "ಹಸ್ರು ಬಣ್ಣಕ್ಕೆ ನಿನ್ ಹತ್ರ ಕೆಲ್ಸ ಇಲ್ಲಮ್ಮ," ಅಂದರು. "ಅದು ಹೊರ್ಗಡೆ ಬಿಸ್ಲಿಗೆ. ಅಲ್ಲಿ ಸೊನ್ನೆ ಅಂದ್ರೆ ಬಿಸೀನೇ ಇಲ್ಲ ಅಂತಲ್ಲ. ನಲವತ್ತು ಡಿಗ್ರಿ ಅನ್ನೋದು ಇಪ್ಪತ್ತರ ಎರಡರಷ್ಟು ಬಿಸಿ ಅಲ್ಲ, ತೆರಿಯುಮಾ, ಗೊತ್ತಾಯ್ತಾ?" ಪುಸ್ತಕದಲ್ಲಿ ನಾಲ್ಕು ಬಗೆಯ ಅಳತೆಗಳು ಎಂದು ಉರುಹೊಡೆದು ಪಾಸಾಗಿದ್ದೆ. ಅವು ನನಗೆ ಅರ್ಥವಾದದ್ದು ಅವತ್ತು.

ನನ್ನ ಜಾಣತನವೆಲ್ಲ ಒಂದೊಂದಾಗಿ ಹೊರಗೆ ಬಂತು. ಮೂಲ ಮೈಸೂರು ಕಡೆಯಾದರೆ ಒಂದು, ಧಾರವಾಡ ಕಡೆಯಾದರೆ ಎರಡು, ಮಂಗಳೂರಾದರೆ ಮೂರು ಎಂದು ಗುರುತು ಹಾಕಿದ್ದೆ. ಅಷ್ಟಕ್ಕೆ ಬಿಡದೆ ಅದಕ್ಕೂ ಸರಾಸರಿ ತೆಗೆದಿದ್ದೆ. ಒಂದು ಪಾಯಿಂಟ್ ಏಳು ಬಂದಿತ್ತು.

"ಒನ್ ಪಾಯಿಂಟ್ ಸೆವೆನ್ ಅಂದ್ರೆ ಯಾವೂರಮ್ಮ, ದಾವಣಗೆರೆನಾ?" ಎಂದು ಮಾಮ ಕೇಳಿದಾಗ ಅಡುಗೆಮನೆಯಲ್ಲಿದ್ದ ಮಾಮಿ ಕೂಡ ನಕ್ಕರು.

ಇನ್ನೊಂದು ಮನೆಯ ಅಜ್ಜಿ ದಿನಕ್ಕೆ ಇಪ್ಪತ್ನಾಲ್ಕು ಗಂಟೆ ಎಂದು ಬರೆಸಿದ್ದರು, ನಿದ್ದೆಯಲ್ಲೂ ಕನ್ನಡವೇ ಕನವರಿಸುತ್ತೇನೆ ಎನ್ನುವುದು ಅವರ ವಾದ. ಅಜ್ಜಿಯನ್ನು ಕಿತ್ತುಹಾಕಲೇ ಎಂದರೆ ಮಾಮ ಒಪ್ಪಲಿಲ್ಲ. ಎಲ್ಲರನ್ನೂ ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ ನಡುವೆ ಬರುವವರನ್ನು ನೋಡು, ಅಜ್ಜಿ ಸಾಲಿನ ಕೊನೆಯಲ್ಲಿ ಎಷ್ಟು ಬೇಕಾದರೂ ಮಾತಾಡಲಿ ಎಂದರು. ಸರಾಸರಿಯನ್ನು ಒಬ್ಬರೇ ಎಳೆದಾಡಬಹುದು, ನಡುವೆ ನಿಲ್ಲುವ ಮೀಡಿಯನ್ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ ಎಂದು ಈಗ ನಾನು ಪಾಠ ಹೇಳುವಾಗ ಆ ಅಜ್ಜಿಯನ್ನೇ ಕರೆತರುತ್ತೇನೆ.

ಆದರೆ ತಾಳೆಯಾಗದ ಸಾಲು ಹಾಗೆಯೇ ಇತ್ತು. ಮಾಮ ಕಾಗದಗಳನ್ನು ಒಂದೊಂದಾಗಿ ತಿರುಗಿಸುತ್ತ ಹೋದರು. ಒಂದರ ಹತ್ತಿರ ನಿಂತರು.

"ಈ ಏಳನೇ ನಂಬರು ನಮ್ಮನೇದು ಕಣಮ್ಮ. ನಾನೇ ಬರ್ದಿದ್ದು."

ನೋಡಿದೆ. ಗಂಟೆಯ ಜಾಗದಲ್ಲಿ ಹನ್ನೆರಡು, ಬಳಕೆಯ ಜಾಗದಲ್ಲಿ ಒಂದು. "ನಮ್ಮನೇಲಿ ಎಲ್ರಿಗಿಂತ ಜಾಸ್ತಿ ಕನ್ನಡ ಅಲ್ವಾ, ಅದಕ್ಕೇ ಒಂದು ಹಾಕ್ದೆ," ಅಂದರು. "ಫಸ್ಟ್ ರ‍್ಯಾಂಕು ಅನ್ನೋ ಹಾಗೆ."

ಐದು ಅಂದರೆ ತುಂಬ ಹೆಚ್ಚು ಎನ್ನುವುದು ನನ್ನ ತಲೆಯಲ್ಲಿ ಮಾತ್ರ ಇತ್ತು. ಕಾಗದದ ಮೇಲೆ ಅದನ್ನು ಬರೆಯುವುದನ್ನೇ ಮರೆತಿದ್ದೆ. ಮಕ್ಕಳ ರ‍್ಯಾಂಕ್ ಕಾರ್ಡು ನೋಡಿ ನೋಡಿ ಪಳಗಿದ ಈ ಊರಿನಲ್ಲಿ ಒಂದು ಅಂದರೆ ಎಲ್ಲಕ್ಕಿಂತ ಮೇಲೆ. ಎಷ್ಟು ಮನೆಯವರು ಹೀಗೆ ಬರೆದಿದ್ದರೋ! ತಪ್ಪು ನನ್ನದೇ ಎಂದು ಆ ಕ್ಷಣದಲ್ಲೇ ಗೊತ್ತಾಯಿತು. ಗೊತ್ತಾದದ್ದಕ್ಕೇ ಇರಬೇಕು, ಮೈಯೆಲ್ಲ ಉರಿದು ಅವರ ಮೇಲೆ ಹರಿಹಾಯ್ದೆ.

"ಅಷ್ಟು ವರ್ಷ ರೈಲ್ವೇಲಿ ಏನ್ ಕಡಿದು ಕಟ್ಟೆ ಹಾಕಿದ್ರಿ ಮಾಮಾ? ನಿಮಗೇ ಒಂದು ಫಾರಂ ತುಂಬಕ್ಕೆ ಬರಲ್ಲ ಅಂದ್ರೆ!"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮಾಮ ಪೆನ್ನಿನ ನೀಲಿ ಒತ್ತಿ ಬಿಟ್ಟರು, ಒತ್ತಿ ಬಿಟ್ಟರು. ನಾನು ಕ್ಷಮಿಸಿ ಎನ್ನಲಿಲ್ಲ. ಅದರ ಬದಲು, ಗಂಟೆ ಹೆಚ್ಚು ಬರೆದು ಅಂಕಿ ಕಡಿಮೆ ಕೊಟ್ಟವರದನ್ನೆಲ್ಲ ಒಂದಿದ್ದರೆ ಐದು, ಎರಡಿದ್ದರೆ ನಾಲ್ಕು ಎಂದು ಇಲ್ಲಿಯೇ ಕೂತು ತಿರುಗಿಸಿಬಿಡುತ್ತೇನೆ ಎಂದೆ. ಅರ್ಧ ಗಂಟೆಯ ಕೆಲಸ, ಯಾರಿಗೆ ಗೊತ್ತಾಗುತ್ತದೆ?

"ನಂದು ತಿರುಗ್ಸು. ನಾನೇ ಹೇಳ್ತಿದೀನಿ," ಅಂದರು ಮಾಮ, ಏನೂ ಆಗಿಲ್ಲದವರ ಹಾಗೆ. "ಮಿಕ್ಕೋರ್ದು ಅವ್ರು ಹೇಳ್ಬೇಕು. ನಾಳೆ ಬೆಳಿಗ್ಗೆ ಆರೂವರೆಗೆ ರೆಡಿಯಾಗಿರು, ನಾನೂ ಬರ್ತೀನಿ."

ಫೋನಿದ್ದ ಮನೆಗಳಿಗೆ ಫೋನು, ಇಲ್ಲದವರ ಹತ್ತಿರ ನಾವೇ. ಶನಿವಾರ, ಭಾನುವಾರ ಪೂರ್ತಿ ಬಸ್ಸು, ಆಟೋ, ಮತ್ತೆ ಬಸ್ಸು. ಪೆರಂಬೂರಿನ ರೈಲ್ವೆ ಮನೆಗಳು, ಸೌಕಾರ್‌ಪೇಟೆಯಲ್ಲಿ ಸೀರೆ ಅಂಗಡಿಯ ಮೇಲಿನ ಮಹಡಿ, ಟ್ರಿಪ್ಲಿಕೇನಿನ ಒಂದು ವಠಾರ. ಮಂಡಿ ನೋವಿನ ಮನುಷ್ಯ ಒಂದೊಂದೇ ಮೆಟ್ಟಿಲು ಹಿಡಿದು ಹತ್ತುತ್ತಿದ್ದರು. ತಪ್ಪು ಬರೆದಿರಾ ಎಂದು ಯಾರನ್ನೂ ಕೇಳಬೇಡ, ಕೇಳಿದರೆ ಹೌದು ಅಂದುಬಿಡುತ್ತಾರೆ ಎಂದು ದಾರಿಯಲ್ಲೇ ಹೇಳಿಕೊಟ್ಟಿದ್ದರು. ನಿಮ್ಮ ಚೀಟಿಯ ನಂಬರು ಎಷ್ಟು, ಯಾವ ಅಂಕಿ ಹೆಚ್ಚು ಅಂದುಕೊಂಡು ಬರೆದಿರಿ, ಇಷ್ಟೇ ಪ್ರಶ್ನೆ. ವಠಾರದ ಮನೆಯೊಂದರಲ್ಲಿ ತಾಯಿ ತಡವರಿಸುತ್ತಿದ್ದಾಗ ಶಾಲೆಯ ಹುಡುಗಿಯೊಬ್ಬಳು ಒಳಗಿನಿಂದಲೇ ತಮಿಳಿನಲ್ಲಿ ಕೂಗಿದಳು, "ಒಣ್ಣು ದಾನೇಮ್ಮಾ ಫಸ್ಟು!" ಒಂದೇ ತಾನೇ ಫಸ್ಟು ಎಂದು. ಮಾಮ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನಾನು ಆಗಲಾದರೂ ನಗಬಹುದಿತ್ತು. ನಗಲಿಲ್ಲ, ನನಗೆ ಸೋಮವಾರದ ಚಿಂತೆ.

ಹನ್ನೊಂದು ಮನೆಯವರು ಒಂದನ್ನು ಮೇಲೆಂದುಕೊಂಡು ಬರೆದಿದ್ದರು. ಇಬ್ಬರಿಗೆ ನೆನಪೇ ಇರಲಿಲ್ಲ. ಆ ಎರಡನ್ನು ಬಿಟ್ಟು ಮೂವತ್ತೆಂಟರಲ್ಲಿ ಲೆಕ್ಕ ಮಾಡು, ಬಿಟ್ಟದ್ದನ್ನೂ ತಪ್ಪಾದದ್ದನ್ನೂ ಪ್ರಬಂಧದಲ್ಲಿ ಮುಚ್ಚಿಡದೆ ಬರಿ ಎಂದರು ಮಾಮ. ಭಾನುವಾರ ಸಂಜೆ ಪಟ್ಟಿ ಹೊಸದಾಗಿ ಹಾಕಿದಾಗ ಗಂಟೆಯೂ ಅಂಕಿಯೂ ಒಂದೇ ದಿಕ್ಕಿಗೆ ಹೊರಟವು. ಎದೆಯ ಮೇಲಿಂದ ಕಲ್ಲು ಇಳಿಸಿದಂತಾಯಿತು. ಮೇಡಂ ಸೋಮವಾರ ತಪ್ಪು ಒಪ್ಪಿಕೊಂಡ ಪುಟವನ್ನು ಎರಡು ಸಲ ಓದಿ ಸಹಿ ಹಾಕಿದರು. ಡಿಗ್ರಿ ಬಂತು, ಕೆಲಸ ಸಿಕ್ಕಿತು, ಮದುವೆಯಾಗಿ ಅದೇ ಊರಿನ ವೇಳಚೇರಿಗೆ ಹೋದೆ, ಮುಂದೆ ಕಾಲೇಜಿನಲ್ಲಿ ಪಾಠ ಮಾಡಲು ಸೇರಿದೆ. ಮಾಮನಿಗೆ ಸ್ವೀಟು ಕೊಟ್ಟೆ, ಕಾಲಿಗೆ ಬಿದ್ದೆ, ಆ ಒಂದು ಮಾತಿನ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ. ಇವತ್ತು, ನಾಳೆ ಎನ್ನುತ್ತ... ಎರಡು ವರ್ಷದ ಹಿಂದೆ ಅವರು ಹೋದರು ಎಂದು ಅಪ್ಪ ಫೋನ್ ಮಾಡಿದರು. ಅಲ್ಲಿಗೆ ಹೋದಾಗಲೂ ಮಾಮಿಯ ಮುಖ ನೋಡಿ ಮಾತಾಡಲಾಗಲಿಲ್ಲ. ಅವತ್ತು ಪಾತ್ರೆಯ ಸದ್ದು ನಿಂತದ್ದೇ ಕಿವಿಯಲ್ಲಿತ್ತು.

ಕ್ಲಾಸಿನಲ್ಲಿ ಆ ಪೆನ್ನು ನೋಡಿದ ಮೇಲೆ ಇನ್ನು ತಡೆಯಲಾಗಲಿಲ್ಲ. ಮೊನ್ನೆ ಭಾನುವಾರ ಮಾಮಿಯ ಹತ್ತಿರ ಹೋದೆ. ಈಗ ಅವರ ತಂಗಿಯೂ ಜೊತೆಗಿದ್ದಾರೆ, ಮನೆಯಲ್ಲಿ ಮಾತೋ ಮಾತು. ಮಾಮಿ ಮಜ್ಜಿಗೆ ಕೊಟ್ಟು ಕೂತರು. ನಾನು ಲೋಟ ಕೆಳಗಿಟ್ಟು ಹೇಳಿಬಿಟ್ಟೆ, ಅವತ್ತು ಅಂದ ಮಾತನ್ನು ಅಂದ ಹಾಗೆಯೇ.

"ಅಯ್ಯೋ, ನೀನು ಕೂಗಿದ್ದಷ್ಟೂ ಕೇಳ್ಸಿತ್ತು ಕಣೇ ನಂಗೆ, ಮಿಕ್ಕಿದ್ದು ಪಾತ್ರೆ ಸದ್ದಲ್ಲಿ ಕೇಳ್ಸಿರ್ಲಿಲ್ಲ," ಅಂದರು ಮಾಮಿ. "ನೀನು ಕೆಳಗಿಳಿದ ಮೇಲೆ ಆ ಮನುಷ್ಯ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಮನೆಗೆ ಬಂದೋರ್ಗೆಲ್ಲ ಹೇಳ್ತಿದ್ರು, ನನ್ನ ಸರ್ವೀಸಲ್ಲಿ ಯಾವ ಆಫೀಸರ್ ಕೈಲೂ ಆಗ್ಲಿಲ್ಲ, ಕೆಳಗಿನ ಮನೆ ಹುಡ್ಗಿ ನನ್ ತಪ್ಪು ಹಿಡಿದ್ಲು ಅಂತ."

ನನಗೆ ನಗುವೂ ಬಂತು, ಅಳುವೂ ಬಂತು. ಇಷ್ಟು ವರ್ಷ ಹೊತ್ತದ್ದು ಒಂದೇ ಮಾತಿಗೆ ಇಳಿದುಹೋಯಿತು. "ನಾನಲ್ಲ ಮಾಮಿ," ಎಂದೆ, "ಹಿಡಿದಿದ್ದು ಅವ್ರೇ. ಕಾಗದದ ಮೇಲೆ ಹೆಸ್ರೂ ಇರ್ಲಿಲ್ಲ. ಅವ್ರು ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

ಇದು ಮಾಮಿಗೆ ಹೊಸ ಸುದ್ದಿ. ಮಾಮ ಪೇಪರು ಓದಲು ಕೂರುತ್ತಿದ್ದ ಬಾಗಿಲ ಪಕ್ಕದ ಕುರ್ಚಿಯ ಕಡೆ ತಿರುಗಿ, ಅಲ್ಲಿ ಯಾರೋ ಇದ್ದಾರೆ ಎನ್ನುವ ಹಾಗೆ, "ಹೌದೇನ್ರೀ?" ಎಂದು ಕೇಳಿದರು.