ಬಿಡಿಸಲು ಬಂದವರು

ನನಗೆ ಅನುಮಾನ ಜಾಸ್ತಿ. ಮದುವೆಯಾದ ವರ್ಷವೇ ನನ್ನ ಗಂಡ ಇದನ್ನು ಕಂಡುಕೊಂಡರು. ಅಪ್ಪನಿಗಂತೂ ಮೊದಲಿನಿಂದಲೂ ಗೊತ್ತು. ಯಾರಾದರೂ ಕಾರಣವಿಲ್ಲದೆ ಒಳ್ಳೆಯವರಾಗಿ ನಡೆದುಕೊಂಡರೆ, ಆ ಕಾರಣ ಸಿಗುವವರೆಗೆ ನನಗೆ ನೆಮ್ಮದಿಯಿಲ್ಲ. ಅಮೆರಿಕದ ಜರ್ಮನ್‌ಟೌನ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯ ಬಾಂಗ್ಲಾದೇಶದ ಆಂಟಿ ಮೊದಲ ಸಲ ಪಾಯಸ ತಂದುಕೊಟ್ಟಾಗಲೂ ಅಷ್ಟೇ. ಥ್ಯಾಂಕ್ಸ್ ಹೇಳಿ, ಬಾಗಿಲು ಹಾಕಿಕೊಂಡು, ಇವರಿಗೆ ನಮ್ಮಿಂದ ಏನು ಬೇಕಿರಬಹುದು ಎಂದು ಯೋಚಿಸುತ್ತ ನಿಂತೆ. ನಮ್ಮ ಪಾರ್ಕಿಂಗ್ ಜಾಗದ ಮೇಲೆ ಕಣ್ಣಿರಬೇಕು ಎಂದುಕೊಂಡೆ. ಆಮೇಲೆ ನೋಡಿದರೆ ಅವರ ಮನೆಯಲ್ಲಿ ಕಾರೇ ಇರಲಿಲ್ಲ. ಮಗಳು ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು, ಆಂಟಿ ಮನೆಯಲ್ಲಿರುತ್ತಿದ್ದರು.

ನಮ್ಮಲ್ಲಿ ಇನ್ನೊಬ್ಬರ ಪಾತ್ರೆಯನ್ನು ಖಾಲಿ ವಾಪಸ್ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ನಾನು ಅವರ ಡಬ್ಬಿಯಲ್ಲಿ ಚಿತ್ರಾನ್ನ ಹಾಕಿ ಕೊಟ್ಟೆ. ಅವರಲ್ಲೂ ಅದೇ ಪದ್ಧತಿ ಇತ್ತೆಂದು ಕಾಣುತ್ತದೆ. ಅಲ್ಲಿಂದ ಡಬ್ಬಿಗಳು ಮೆಟ್ಟಿಲು ಹತ್ತಿ ಇಳಿದು ಮಾಡಿದವೇ ಹೊರತು ಒಂದು ಸಲವೂ ಬರಿದಾಗಿ ಬರಲಿಲ್ಲ. ನನ್ನ ಅನುಮಾನವೂ ಸ್ವಲ್ಪ ತಣ್ಣಗಾಗಿತ್ತು.

ಎರಡು ಸಾವಿರದ ಇಪ್ಪತ್ತನಾಲ್ಕರ ಬೇಸಿಗೆಯಲ್ಲಿ ಅಪ್ಪ ಮೈಸೂರಿನಿಂದ ಬಂದರು. ತಂಗಿಯ ಬಾಣಂತನವಿದ್ದುದರಿಂದ ಅಮ್ಮ ಅಲ್ಲೇ ಉಳಿದರು. ಅಪ್ಪ ಸೈನ್ಯದಲ್ಲಿದ್ದವರು, ಸೇತುವೆ ಕಟ್ಟುವ ತುಕಡಿಯಲ್ಲಿ. ಎಪ್ಪತ್ತೊಂದರಲ್ಲಿ ಪಾಕಿಸ್ತಾನದ ಸೈನ್ಯ ಈಗ ಬಾಂಗ್ಲಾದೇಶವಾಗಿರುವ ಆಗಿನ ಪೂರ್ವ ಪಾಕಿಸ್ತಾನವನ್ನು ತುಳಿದುಕೊಂಡು ಕೂತಿದ್ದಾಗ, ಅವರನ್ನು ಓಡಿಸಲು ಗಡಿ ದಾಟಿದ ನಮ್ಮ ಸೈನಿಕರಲ್ಲಿ ಅವರೂ ಒಬ್ಬರು. ಆಗ ಮೀಸೆ ಸರಿಯಾಗಿ ಬಂದಿರಲಿಲ್ಲವಂತೆ. ಅಲ್ಲಿ ಸಿಡಿದ ಒಂದು ನೆಲಬಾಂಬಿನಿಂದ ಎಡಗಿವಿ ಹೋಯಿತು. ಅವರು ಕಟ್ಟಿದ ಸೇತುವೆಯ ಕಥೆಯನ್ನು ಕೇಳುತ್ತಲೇ ನಾನು ಬೆಳೆದೆ. ಒಂದೊಂದು ಸಲ ಹೇಳಿದಾಗಲೂ ಆ ಸೇತುವೆ ಸ್ವಲ್ಪ ಸ್ವಲ್ಪ ಉದ್ದವಾಗುತ್ತಿತ್ತು, ಹಾಗಾಗಿ ಅದನ್ನೂ ನಾನು ಪೂರ್ತಿ ನಂಬಿದವಳಲ್ಲ.

ಆದರೆ ಒಂದನ್ನು ನಂಬುತ್ತೇನೆ. ಅಪ್ಪನ ಇಡೀ ಜೀವನದಲ್ಲಿ ಅವರು ಎದೆಯುಬ್ಬಿಸಿ ಹೇಳಿಕೊಳ್ಳುವ ಕೆಲಸ ಅದೊಂದೇ. ಮಿಕ್ಕದ್ದೆಲ್ಲ ಪಿಂಚಣಿ, ಸೈಟು, ಮಕ್ಕಳ ಮದುವೆ. ಅವರಿಗೆ ಬೇಕಿದ್ದದ್ದು ಆ ದೇಶದ ಯಾರೋ ಒಬ್ಬರ ಬಾಯಿಂದ, ನೀವು ಬಂದದ್ದು ಒಳ್ಳೆಯದಾಯಿತು ಎಂಬ ಒಂದು ಮಾತು. ಮೈಸೂರಿನಲ್ಲಿ ಅದನ್ನು ಹೇಳಲು ಯಾರಿದ್ದರು? ಇಲ್ಲಿ ಕೆಳಗಿನ ಮನೆಯವರು ಎಲ್ಲಿಯವರೆಂದು ತಿಳಿದ ದಿನದಿಂದ ಅಪ್ಪ ವಾಕಿಂಗ್‌ಗೂ ಶರ್ಟ್ ಇನ್‌ಸರ್ಟ್ ಮಾಡಿಕೊಂಡು ಹೊರಡತೊಡಗಿದರು.

ಆಗಸ್ಟ್‌ನಲ್ಲಿ ಆ ದೇಶದ ಸರ್ಕಾರ ಬಿತ್ತು. ಅಲ್ಲಿನ ಬೀದಿಗಳಲ್ಲಿ ಇಂಡಿಯಾವನ್ನು ಬಯ್ಯುವುದು ನಮ್ಮ ಟಿವಿಗಳಲ್ಲೆಲ್ಲ ಬಂತು. ಆ ಶನಿವಾರ ಕನ್ನಡದವರೆಲ್ಲ ಒಂದೊಂದು ಅಡುಗೆ ತರುವ ಪಾಟ್‌ಲಕ್‌ನಲ್ಲಿ ಗಂಡಸರೆಲ್ಲ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಬೇಸ್‌ಮೆಂಟಿನಲ್ಲಿ ಸೇರಿದ್ದರು. "ನಾವು ಹೋಗಿ ಬಿಡಿಸ್ದೇ ಇದ್ದಿದ್ರೆ ಇವ್ರೆಲ್ಲ ಎಲ್ಲಿರ್ತಿದ್ರು? ಗ್ರಾಟಿಟ್ಯೂಡ್ ಅನ್ನೋದೇ ಇಲ್ಲ" ಎಂದು ಒಬ್ಬ ಅಂಕಲ್ ಗುಡುಗಿದರು. ಅವರು ಗಡಿಯ ಹತ್ತಿರ ಹೋದದ್ದು ಏರ್‌ಪೋರ್ಟಿನ ಇಮಿಗ್ರೇಷನ್ ಕೌಂಟರಿನವರೆಗೆ ಮಾತ್ರ. ಅಪ್ಪನೂ ತಲೆಯಾಡಿಸಿದರು. ನನಗೆ ಮೈ ಉರಿಯಿತು.

ವಾಪಸ್ ಬರುವಾಗ ಕಾರಿನಲ್ಲಿ ಕೇಳಿಯೇಬಿಟ್ಟೆ. "ಅಪ್ಪ, ನೀವು ಹೋಗಿದ್ದು ಅವ್ರ ಮೇಲಿನ ಪ್ರೀತಿಗಾ, ಇಲ್ಲಾ ಪಾಕಿಸ್ತಾನದ ಮೇಲಿನ ಸಿಟ್ಟಿಗಾ?"

ಅಪ್ಪ ಎಡಗಿವಿಯನ್ನು ನನ್ನ ಕಡೆ ಮಾಡಿ ಕಿಟಕಿಯಾಚೆ ನೋಡತೊಡಗಿದರು. ಆ ಕಿವಿ ಯಾವಾಗ ಉಪಯೋಗಕ್ಕೆ ಬರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು.

ಮರುವಾರ ಅವರ ಒತ್ತಾಯಕ್ಕೆ ಆಂಟಿಯನ್ನು ಟೀಗೆ ಕರೆದೆ. ಅಪ್ಪನದು ಮಿಲಿಟರಿ ಹಿಂದಿ, ಆಂಟಿಯದು ಸಿನಿಮಾ ನೋಡಿ ಕಲಿತ ಹಿಂದಿ, ಆದರೂ ಮಾತು ಸರಾಗವಾಗಿ ನಡೆಯಿತು. ಯಾವ ಕಡೆ ಎಂದು ಅಪ್ಪ ಕೇಳಿದರು, ಜೆಸೋರ್ ಹತ್ತಿರ ಎಂದು ಅವರು ಹೇಳಿದರು. ತಾನೂ ಅದೇ ದಾರಿಯಲ್ಲಿ ಹೋದವನು ಎಂದು ಅಪ್ಪನ ಮುಖ ಅರಳಿತು. ಸೇತುವೆಯ ಕಥೆ ಬಂತು, ಹಿಂದೆಂದಿಗಿಂತ ಉದ್ದವಾಗಿತ್ತು. ಕೊನೆಗೆ ಅಪ್ಪ ನಗುತ್ತ, "ಒಂದು ಲೆಕ್ಕದಲ್ಲಿ ನಿಮ್ಮ ದೇಶಾನ ನಿಮಗೆ ಕೊಟ್ಟೋರೇ ನಾವು" ಎಂದರು. ಆಂಟಿ ಕಪ್ ಕೆಳಗಿಟ್ಟರು. ಅರ್ಧ ಟೀ ಹಾಗೇ ಇತ್ತು. ಮಗಳು ಬರುವ ಹೊತ್ತಾಯಿತು ಎಂದು ಎದ್ದರು. ನಾನು ಮೈಸೂರು ಪಾಕಿನ ಡಬ್ಬಿ ಕೈಗಿತ್ತೆ, ತೆಗೆದುಕೊಂಡರು.

ಎರಡು ದಿನ ಬಿಟ್ಟು ಡಬ್ಬಿ ನಮ್ಮ ಬಾಗಿಲ ಮುಂದಿತ್ತು. ಬೆಲ್ ಮಾಡಿರಲಿಲ್ಲ. ತೊಳೆದು, ಒರೆಸಿ, ಮುಚ್ಚಳ ಬಿಗಿಯಾಗಿ ಹಾಕಿ ಇಟ್ಟಿದ್ದರು. ಒಳಗೆ ಏನೂ ಇರಲಿಲ್ಲ.

"ಬ್ಯುಸಿ ಇದ್ರೋ ಏನೋ. ನೀನು ತುಂಬಾ ಓವರ್‌ಥಿಂಕ್ ಮಾಡ್ತೀಯ" ಎಂದರು ನನ್ನ ಗಂಡ. ಗಂಡಸರಿಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಅಪ್ಪ ಬಂದು ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿದರು. "ಖಾಲಿ ಕಳಿಸಿದಾರಾ?" ಎಂದರು. ಮುಖ ಸಣ್ಣದಾಯಿತು. ಸಂಜೆ ಶೂ ಹಾಕಿಕೊಂಡು ಕೆಳಗೆ ಹೊರಟರು. ಅಲ್ಲಿ ಹೋಗಿ ಇನ್ನೊಂದು ಭಾಷಣ ಮಾಡಿಯಾರು ಎಂದು ನಾನೂ ಹಿಂದೆಯೇ ಇಳಿದೆ.

ಆಂಟಿ ಕೂರಿಸಿದರು, ನೀರು ಕೊಟ್ಟರು. ಟೀ ಬೇಕಾ ಎಂದು ಕೇಳಲಿಲ್ಲ.

"ನನ್ನ ಮಾತು ತಪ್ಪಾಯ್ತು ಅನ್ಸುತ್ತೆ" ಎಂದರು ಅಪ್ಪ.

"ಡಬ್ಬಿ ಬೇಕೂಂತಲೇ ಖಾಲಿ ಇಟ್ಟೆ ಭಾಯ್‌ಸಾಬ್. ಕೊಟ್ಟೋರು ನಾವು ಅಂದ್ರಿ. ಹಾಗಾದ್ರೆ ನಮ್ಮಣ್ಣ ಏನು ಮಾಡೋಕೆ ಹೋದ? ನೀವು ಬಂದದ್ದು ಚಳಿಗಾಲದಲ್ಲಿ. ಅವನು ಮಳೆಗಾಲದಲ್ಲೇ ಪಾಕಿಸ್ತಾನದೋರ ವಿರುದ್ಧ ಹೋರಾಡೋಕೆ ಕಾಡಿಗೆ ಹೋಗಿ ಸತ್ತಿದ್ದ." ಅವರ ಧ್ವನಿ ಏರಲಿಲ್ಲ. "ಒಂದು ಕೇಳ್ತೀನಿ. ನಮ್ಮ ಕತ್ತು ಹಿಡಿದಿದ್ದೋರು ನಿಮ್ಮ ಶತ್ರು ಅಲ್ಲದೆ ಬೇರೆ ಯಾರೋ ಆಗಿದ್ದಿದ್ರೆ, ನೀವು ಬರ್ತಿದ್ರಾ?"

ಕಾರಿನಲ್ಲಿ ನಾನು ಕೇಳಿದ್ದೂ ಹೆಚ್ಚು ಕಡಿಮೆ ಇದನ್ನೇ. ಆದರೆ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಸಿಟ್ಟು ಬಂತು. ನಮ್ಮಪ್ಪನ ಕಿವಿ ಹೋದದ್ದು ನಿಮ್ಮ ನೆಲದಲ್ಲೇ ಎಂದು ಹೇಳಲು ಬಾಯಿ ತೆರೆದೆ. ಅಪ್ಪ ಕೈಸನ್ನೆಯಲ್ಲೇ ತಡೆದರು.

"ಗೊತ್ತಿಲ್ಲಮ್ಮ" ಎಂದರು. "ನಮಗೆ ಯಾರೂ ಕಾರಣ ಹೇಳಿ ಕಳಿಸ್ಲಿಲ್ಲ. ಸೇತುವೆ ಕಟ್ಟಿ ಅಂದ್ರು, ಕಟ್ಟಿದ್ವಿ." ಆಮೇಲೆ ನಾನು ನಿರೀಕ್ಷಿಸದ ಒಂದನ್ನು ಕೇಳಿದರು. "ನಾವು ಬಂದಾಗ ನಿಮಗೆ ಭಯ ಆಯ್ತಾ?"

"ಆಯ್ತು. ರಸ್ತೇಲಿ ಜನ ಹೂ ಎರಚ್ತಿದ್ರು. ಅಮ್ಮ ನಮ್ಮನ್ನ ಒಳಗೆ ಕೂಡಿ ಬಾಗಿಲು ಹಾಕಿದ್ರು. ನಮ್ಮಪ್ಪ ಹೇಳಿದ್ರು, ಅವರಿಂದ ಇವರು ಬಿಡಿಸಿದ್ರು, ಇನ್ನು ಇವರಿಂದ ಬಿಡಿಸೋರು ಯಾರು ಅಂತ. ದಿನಾ ಬೆಳಗ್ಗೆ ರಸ್ತೆಗೆ ಹೋಗಿ ನೋಡ್ಕೊಂಡು ಬರೋರು, ನಿಮ್ಮ ಲಾರಿಗಳು ಯಾವ ಕಡೆ ಮುಖ ಮಾಡಿ ನಿಂತಿವೆ ಅಂತ."

"ಆಮೇಲೆ?"

"ಬಿಸಿಲು ಶುರುವಾಗೋ ಹೊತ್ತಿಗೆ ಹೋದ್ರಿ. ಬರೀ ಕೈಲಿ ಹೋದ್ರಿ ಅಂತ ನಾನು ಹೇಳಲ್ಲ. ಲಾರಿಗಳಲ್ಲಿ ಏನೇನು ಹೋಯ್ತು ಅಂತ ನಮ್ಮೂರೋರು ಈಗ್ಲೂ ಮಾತಾಡ್ತಾರೆ. ಆದ್ರೆ ಹೋದ್ರಿ. ಅವತ್ತು ನಮ್ಮಪ್ಪ ಮುಂಬಾಗಿಲು ತೆಗೆದಿಟ್ಟು ಮಲಗಿದ್ರು, ಅಣ್ಣ ಹೋದ ಮೇಲೆ ಮೊದಲನೇ ಸಲ." ಆಂಟಿ ಅಪ್ಪನನ್ನೇ ನೋಡಿದರು. "ನೀವು ಬಂದ ದಿನ ಅಲ್ಲ ಭಾಯ್‌ಸಾಬ್. ಹೋದ ದಿನ. ಅದಕ್ಕೆ ನಿಮಗೆ ನಾನು ಋಣಿ."

ಅಪ್ಪ ಎರಡೂ ಕೈ ಜೋಡಿಸಿದರು. ಅವರಿಗೆ ಬೇಕಿದ್ದ ಮಾತು ಇದಲ್ಲದಿದ್ದರೂ ಒಂದು ಮಾತು ಸಿಕ್ಕಿತಲ್ಲ ಎಂದು ನನಗೆ ಸಮಾಧಾನವಾಯಿತು, ಕಣ್ಣೂ ತುಂಬಿತು.

ಮೆಟ್ಟಿಲು ಹತ್ತುವಾಗ ಅಪ್ಪ ಅರ್ಧದಲ್ಲೇ ನಿಂತು ಕಂಬಿ ಹಿಡಿದುಕೊಂಡರು. ಆಯಾಸವಾಯಿತೇನೋ ಎಂದು ನಾನೂ ನಿಂತೆ.

"ಅಲ್ಲಿ ನಮ್ಮನ್ನ ರಾಜರ ಥರ ನೋಡ್ಕೋತಿದ್ರು ಕಣೆ" ಎಂದರು ಮೆಲ್ಲಗೆ. "ವಾಪಸ್ ಹೊರಡಿ ಅಂತ ಆರ್ಡರ್ ಬಂದಾಗ ನಮಗೆಲ್ಲ ಎಷ್ಟು ಕೋಪ ಬಂದಿತ್ತು ಗೊತ್ತಾ. ಬಿಡಿಸಿದೋರು ನಾವು, ಯಾಕೆ ಹೋಗ್ಬೇಕು ಅಂತ ಬಯ್ಕೊಂಡೇ ಲಾರಿ ಹತ್ತಿದ್ವಿ."

ಇನ್ನೆರಡು ಮೆಟ್ಟಿಲು ಹತ್ತಿದರು.

"ಇದನ್ನ ಅವರಿಗೆ ಮಾತ್ರ ಹೇಳ್ಬೇಡ."