ಕಪ್ಪಿನ ಮೇಲೆ ಅಡ್ಡ ಹಿಡಿದ ಕೈ

ಕಾಫಿ ಬಗ್ಗಿಸುವವರು ಹತ್ತಿರ ಬಂದಾಗ ಲೋಟದ ಮೇಲೆ ಅಂಗೈ ಅಡ್ಡ ಹಿಡಿಯುವುದನ್ನು ನನಗೆ ಯಾರೂ ಕಲಿಸಲಿಲ್ಲ. ನಿಮಗೂ ಯಾರೂ ಕಲಿಸಿರಲಿಕ್ಕಿಲ್ಲ. ಮೊದಲ ಸಲ ಕೇಳಿದಾಗ ‘ಬೇಡ, ಈಗ ತಾನೇ ಆಯಿತು’ ಅನ್ನಬೇಕು, ಎರಡನೆಯ ಸಲಕ್ಕೆ ‘ಸುಮ್ಮನೆ ಯಾಕೆ ತೊಂದರೆ’ ಅನ್ನಬೇಕು, ಮೂರನೆಯ ಸಲ ಕೈಯನ್ನು ಒಂದಿಷ್ಟು ಸರಿಸಿ ‘ಅರ್ಧ ಲೋಟ ಸಾಕು’ ಅಂದರೆ ಕೊಡುವವರಿಗೂ ಮರ್ಯಾದೆ, ಕುಡಿಯುವವನಿಗೂ ತುಂಬಿದ ಲೋಟ. ಏಳನೆಯ ತರಗತಿಗೇ ಶಾಲೆ ಬಿಟ್ಟು ಮೈಸೂರಿನಲ್ಲಿ ಕಬ್ಬಿಣ ಕಡೆಯುವ ಲೇತ್ ಅಂಗಡಿ ಸೇರಿದ ನನಗೆ ಪುಸ್ತಕದ ವಿದ್ಯೆ ಕಡಿಮೆಯಾದರೂ ಈ ವಿದ್ಯೆಯಲ್ಲಿ ಕೊರತೆಯಿರಲಿಲ್ಲ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ನನ್ನ ಹೆಂಡತಿ ಸರೋಜಳಿಗೆ ಡೆಟ್ರಾಯಿಟ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತು. ಅವಳ ಹಿಂದೆ ನಾನೂ ಹೋದೆ. ಹೆಂಡತಿಯ ಹಿಂದೆ ಹೋದವನು ಎಂದು ಹೇಳಿಕೊಳ್ಳಲು ಆಗ ನಾಚಿಕೆಯಿತ್ತು, ಈಗಿಲ್ಲ. ಮೂರನೆಯ ವಾರಕ್ಕೇ ಅಲ್ಲಿನ ಒಂದು ಶಾಪಿನಲ್ಲಿ ಲೇತ್ ಮುಂದೆ ನಿಂತೆ. ಉಕ್ಕಿಗೆ ನನ್ನ ಇಂಗ್ಲಿಷು ಬೇಕಿರಲಿಲ್ಲ, ಕೈ ಬೇಕಿತ್ತು, ಅದು ನನ್ನ ಹತ್ತಿರವಿತ್ತು. ಸೋತದ್ದು ಕಾಫಿಯ ವಿಷಯದಲ್ಲಿ. ಆ ಊರಿನವರು ‘ಕಾಫಿ?’ ಅನ್ನುವರು, ನಾನು ಪದ್ಧತಿಯಂತೆ ‘ನೋ, ನೋ’ ಅನ್ನುವೆ, ಕಾಫಿಯ ಜಗ್ಗು ಒಂದು ಮಾತೂ ಆಡದೆ ಪಕ್ಕದವರ ಕಡೆಗೆ ಹೊರಟುಬಿಡುವುದು. ಮೊದಲ ಚಳಿಗಾಲವಿಡೀ ಅವರಿವರ ಮನೆಗಳಲ್ಲಿ ಕಾಫಿಯ ವಾಸನೆಯನ್ನಷ್ಟೇ ಕುಡಿದು ಎದ್ದು ಬಂದಿದ್ದೇನೆ.

ಆದ್ದರಿಂದ, ನಮ್ಮ ಬಾಡಿಗೆ ಮಹಡಿಯ ಕೆಳಗಿದ್ದ ಮನೆ ಮಾಲೀಕರ ಅಡುಗೆಮನೆಯಲ್ಲಿ ನಾನು ಮೊದಲ ಸಲ ಕಪ್ಪಿನ ಮೇಲೆ ಕೈ ಅಡ್ಡ ಹಿಡಿದಾಗ ಆದದ್ದನ್ನು ಮರೆಯಲಾರೆ. ಮಾಲೀಕರೆಂದರೆ ವಾಲ್ಟರ್ ಮತ್ತು ಈಡಿತ್, ಅರವತ್ತು ದಾಟಿದ ದಂಪತಿ. ಆ ತಾಯಿ ಜಗ್ಗು ಹಿಡಿದು ನಿಂತಲ್ಲೇ ನಿಂತರು. ಎರಡನೆಯ ಸಲ ಕೇಳಿದರು. ನಾನು ತೊಂದರೆ ಬೇಡವೆಂದೆ. “ಹದಿನಾಲ್ಕು ಮೆಟ್ಟಿಲು ಇಳ್ಕೊಂಡು ಬಂದಿದೀರ ಶಿವಣ್ಣ, ಬರೀ ಬಾಯಲ್ಲಿ ಕಳಿಸೋಕಾಗತ್ತಾ?” ಎಂದು ಮೂರನೆಯ ಸಲ ಕೇಳಿ, ನನ್ನ ಬೆರಳನ್ನು ತಾವೇ ಎತ್ತಿ ಕಪ್ಪಿಗೆ ಕಾಫಿ ಬಗ್ಗಿಸಿದರು. ಅವರು ಆಡಿದ್ದು ಇಂಗ್ಲಿಷಿನಲ್ಲಿ. ನನ್ನ ಕಿವಿಗೆ ಬಿದ್ದದ್ದು ನಮ್ಮ ಕೇರಿಯ ಮಾತು.

ಈ ಬಲವಂತವನ್ನು ಅವರು ಕಲಿತು ಬಂದದ್ದು ಚೀನಾದಿಂದ. ಮದುವೆಯಾದ ಹೊಸದರಲ್ಲಿ ಹೋಗಿ, ದೊಡ್ಡ ನದಿಯೊಂದರ ದಂಡೆಯ ಪಟ್ಟಣದಲ್ಲಿ ಹದಿನಾರು ವರ್ಷ ಇದ್ದರು. ವಾಲ್ಟರ್ ಅಲ್ಲಿನ ಶಾಲೆಯಲ್ಲಿ ಲೆಕ್ಕವನ್ನೂ ಮರಗೆಲಸವನ್ನೂ ಹೇಳಿಕೊಡುತ್ತಿದ್ದರು. ಈಡಿತ್ ಶಾಲೆಯ ಔಷಧಿಕೋಣೆ ನೋಡಿಕೊಳ್ಳುತ್ತಿದ್ದರು. ಯುದ್ಧ ಹತ್ತಿರ ಬಂದಾಗ ಇಡೀ ಶಾಲೆ ಬೆಂಚುಗಳ ಸಮೇತ ದೋಣಿ ಹತ್ತಿ ನದಿಯ ಮೇಲ್ಭಾಗಕ್ಕೆ ಹೋಯಿತಂತೆ. ಬಿಸಿನೀರು ಕುಡಿಯುವ ಅಭ್ಯಾಸವೂ ಅಲ್ಲಿಯದೇ. ಅಮೆರಿಕದಲ್ಲಿ ಊಟದ ಮೇಲೆ ಬರೀ ಬಿಸಿನೀರು ಕುಡಿಯುವವರೆಂದು ನಾನು ಕಂಡದ್ದು ಅವರಿಬ್ಬರನ್ನು ಮತ್ತು ಸರೋಜಳನ್ನು.

ಚೀನಾದಲ್ಲಿ ಮೊದಲ ವರ್ಷ ನೆರೆಮನೆಯವರು ತಂದುಕೊಟ್ಟ ಮೊಟ್ಟೆಯ ಬುಟ್ಟಿಯನ್ನು ಈಡಿತ್ ಖುಷಿಯಿಂದ ಒಂದೇ ಸಲಕ್ಕೆ ಈಸಿಕೊಂಡರಂತೆ. ಓಣಿಯಲ್ಲೆಲ್ಲ ಅದೇ ಮಾತು. ಕೊನೆಗೆ ಮುದುಕಿಯೊಬ್ಬಳು ಮನೆಗೇ ಬಂದು ಪಾಠ ಮಾಡಿದಳು: ಬುಟ್ಟಿಯನ್ನು ಹೊಸ್ತಿಲತನಕ ಹಿಂದಕ್ಕೆ ತಳ್ಳಬೇಕು, ಅದು ವಾಪಸ್ಸು ಬರುತ್ತದೆ, ಮತ್ತೆ ತಳ್ಳಬೇಕು. “ಅಷ್ಟರಲ್ಲಿ ಎರಡು ಮೊಟ್ಟೆ ಒಡೆದೇ ಹೋಗೋದು. ಆದ್ರೆ ಯಾರ ಮನಸ್ಸೂ ಒಡೀತಿರಲಿಲ್ಲ” ಎಂದು ಈಡಿತ್ ನಗುತ್ತಿದ್ದರು.

ಇಷ್ಟು ನನಗೆ ಗೊತ್ತಿತ್ತು. ಅವರು ಊರಿಗೆ ಮರಳಿದ ಕಥೆ ಗೊತ್ತಾದದ್ದು ನಾನೇ ಒಂದು ಪೆಟ್ಟು ತಿಂದ ಮೇಲೆ.

ಎಪ್ಪತ್ತರ ದಶಕದ ನಡುವಿನ ಒಂದು ಶುಕ್ರವಾರ, ನಮ್ಮ ಶಾಪಿನ ಮ್ಯಾನೇಜರ್ ಹ್ಯಾಂಕ್ ನನ್ನನ್ನು ಕರೆದು, ಲೇತ್ ಸಾಲಿನ ಮೇಸ್ತ್ರಿಯ ಜಾಗ ಖಾಲಿಯಾಗಿದೆ, ನೀನು ಮಾಡುತ್ತೀಯಾ ಎಂದ. ಐದು ವರ್ಷ, ಒಂದು ದಿನವೂ ತಡವಾಗಿ ಹೋಗದೆ, ನಾನು ಕಾಯುತ್ತಿದ್ದದ್ದು ಆ ಮಾತಿಗೆ. ಊರಲ್ಲಿ ನನ್ನನ್ನು ಹೆಂಡತಿಯ ಸಂಬಳದಲ್ಲಿ ಕೂತವನೆಂದು ಆಡಿಕೊಳ್ಳುವವರಿಗೆ ಬೇರೆ ಉತ್ತರ ನನ್ನಲ್ಲಿರಲಿಲ್ಲ. ಆದರೆ ಬಾಯಿ ಅಭ್ಯಾಸದಂತೆ ಹೇಳಿಬಿಟ್ಟಿತು: “ನಾನ್ಯಾವ ದೊಡ್ಡವನು, ನನಗಿಂತ ಹಿರಿಯರಿದ್ದಾರೆ.” ಇನ್ನೊಮ್ಮೆ ಕೇಳಲಿ ಎಂದು ತಲೆ ತಗ್ಗಿಸಿ ನಿಂತೆ. ಹ್ಯಾಂಕ್ “ಸರಿ ಬಿಡು, ಪರವಾಗಿಲ್ಲ” ಎಂದು ಕಾಗದದ ಮೇಲೆ ಅಡ್ಡಗೀಟು ಎಳೆದ.

“ಬೇಕು ಅನ್ನೋದಕ್ಕೆ ಒಂದು ಬಾಯಿ ಸಾಕಿತ್ತಲ್ಲ ರೀ” ಎಂದಳು ಸರೋಜ ಆ ರಾತ್ರಿ. “ನಿಮ್ಮ ಬಿಗುಮಾನ ಬಿಡಿಸೋಕೆ ಆ ಮನುಷ್ಯ ಏನು ನಿಮ್ಮ ಸೋದರಮಾವನಾ?”

ಮರುದಿನ ಬೆಳಿಗ್ಗೆ ಕೆಳಗಿನ ಅಡುಗೆಮನೆಯಲ್ಲಿ ಇದನ್ನು ಹೇಳಿದೆ. ವಾಲ್ಟರ್ ನಗುವರೆಂದುಕೊಂಡಿದ್ದೆ, ಅವರು ಬಿಸಿನೀರಿನ ಕಪ್ಪನ್ನು ಕೆಳಗಿಟ್ಟರು. ಚೀನಾದಲ್ಲಿ ಕ್ರಾಂತಿಯಾಗಿ ಪರದೇಶದವರು ಹೊರಡಬೇಕಾದಾಗ ಅವರಿಬ್ಬರೂ ಶಿಕಾಗೋ ಹತ್ತಿರದ ಲೊಂಬಾರ್ಡ್‌ಗೆ, ವಾಲ್ಟರ್‌ರ ಅಣ್ಣನ ಮನೆಗೆ ಬಂದಿಳಿದರಂತೆ. ಅಲ್ಲಿನ ಶಾಲೆಯೊಂದರ ಮುಖ್ಯೋಪಾಧ್ಯಾಯರು ಕರೆದು ಮೇಷ್ಟರ ಕೆಲಸ ಕೊಡುತ್ತೇನೆಂದರು. ಹದಿನಾರು ವರ್ಷ ನಾಲಿಗೆಗೆ ಅಂಟಿದ ಸೌಜನ್ಯದಿಂದ ವಾಲ್ಟರ್, “ನಾನು ಇಷ್ಟು ವರ್ಷ ಹೊರಗಿದ್ದವನು, ನನಗಿಂತ ಯೋಗ್ಯರು ಸಿಗುತ್ತಾರೆ” ಎಂದರು. ಆ ಮನುಷ್ಯ ಎದ್ದು ಕೈಕುಲುಕಿ, ಇಷ್ಟು ಪ್ರಾಮಾಣಿಕರನ್ನು ನೋಡಿಲ್ಲ ಎಂದು ಹೊಗಳಿ ಬಾಗಿಲು ತೆರೆದರು.

“ಹೊರಗಡೆ ಬೆಂಚಿತ್ತು, ಅದರ ಮೇಲೆ ಮುಕ್ಕಾಲು ಗಂಟೆ ಕೂತಿದ್ದೆ” ಎಂದರು ವಾಲ್ಟರ್. “ಎರಡನೇ ಸಲ ಕರೀತಾರಲ್ಲ ಅಂತ.”

“ನಾನು ಎರಡು ವಾರ ಫೋನ್ ಬಿಟ್ಟು ಕದಲಲಿಲ್ಲ” ಎಂದರು ಈಡಿತ್.

ಫೋನು ಬರಲಿಲ್ಲ. ಅವರು ಈಡಿತ್‌ರ ತವರಾದ ಡೆಟ್ರಾಯಿಟ್‌ಗೆ ಬಂದರು. ಪಾಠ ಹೇಳುವ ಮನುಷ್ಯ ನಿವೃತ್ತಿಯಾಗುವತನಕ ಒಂದು ಗೋದಾಮಿನಲ್ಲಿ ಬೋಲ್ಟು ನಟ್ಟುಗಳ ಪೆಟ್ಟಿಗೆಗಳ ಮೇಲೆ ಚೀಟಿ ಅಂಟಿಸಿದರು. ಪರದೇಶದಲ್ಲಿ ಮೊಟ್ಟೆ ಬುಟ್ಟಿಯ ತಪ್ಪನ್ನು ತಿದ್ದಲು ಒಬ್ಬ ಮುದುಕಿಯಾದರೂ ಇದ್ದಳು. ಸ್ವಂತ ಊರಲ್ಲಿ ತಪ್ಪಿದವರನ್ನು ಯಾರು ತಿದ್ದುತ್ತಾರೆ? ಊರಿನವನಿಗೆ ಊರಿನ ರೀತಿ ಗೊತ್ತೇ ಇರುತ್ತದೆಂದು ಎಲ್ಲರೂ ತಿಳಿದಿರುತ್ತಾರೆ.

“ಬೆಂಚಿನ ಮೇಲೆ ಕೂರಬೇಡ ಶಿವಣ್ಣ” ಎಂದರು ವಾಲ್ಟರ್. “ಒಳಗೆ ಹೋಗು.”

ಸೋಮವಾರ ಹೋದೆ. ಬೇಡಿ ಗೊತ್ತಿಲ್ಲದವನಿಗೆ ಮ್ಯಾನೇಜರ್ ಕೋಣೆಯ ಗಾಜಿನ ಬಾಗಿಲು ತಳ್ಳುವುದು ಎಷ್ಟು ಭಾರವೆಂದು ತಳ್ಳಿದವರಿಗೇ ಗೊತ್ತು. “ಶುಕ್ರವಾರ ಬೇಡ ಅಂದೆ. ನನಗೆ ಆ ಕೆಲಸ ಬೇಕು. ಚೆನ್ನಾಗಿ ಮಾಡ್ತೀನಿ” ಎಂದೆ. ಹ್ಯಾಂಕ್ ಕಾಗದದಿಂದ ತಲೆಯೆತ್ತಿದ. “ಹಾಗಾದ್ರೆ ಬೇಡ ಅಂತ ಯಾಕಯ್ಯಾ ಅಂದೆ? ಊಟ ಆದ್ಮೇಲೆ ನಿನ್ನ ಪಕ್ಕದ ಲೇತಿನ ಎಡ್ಡೀನ ಕೇಳೋನಿದ್ದೆ.” ಮೇಸ್ತ್ರಿಯಾದೆ. ಸಂಜೆ ಕೆಳಮನೆಯ ಬಾಗಿಲಲ್ಲಿ ಸುದ್ದಿ ಹೇಳಿದಾಗ ವಾಲ್ಟರ್ ನನ್ನ ಕೈ ಹಿಡಿದರು. ಬಹಳ ಹೊತ್ತು ಬಿಡಲಿಲ್ಲ.

ಆಮೇಲೆ ನಾನು ಬೇಕಾದ್ದನ್ನು ಬೇಕು ಅನ್ನುವುದನ್ನು ಚೆನ್ನಾಗಿಯೇ ಕಲಿತೆ. ಎಷ್ಟೆಂದರೆ, ಎರಡು ವರ್ಷದ ಮೇಲೆ ರಜೆಯಲ್ಲಿ ಮೈಸೂರಿಗೆ ಹೋದಾಗ ಅತ್ತಿಗೆ “ಕಾಫಿ ತೊಗೋತೀಯೇನಪ್ಪ?” ಅಂದದ್ದಕ್ಕೆ ಥಟ್ಟನೆ “ಹ್ಞೂ, ಕೊಡಿ” ಅಂದೆ. ಅತ್ತಿಗೆ ಒಳಗೆ ಹೋದರು. ಹಿತ್ತಿಲ ಬಾಗಿಲು ತೆರೆದ ಸದ್ದಾಯಿತು. ಮನೆಯಲ್ಲಿ ಹಾಲಿರಲಿಲ್ಲ, ಪಕ್ಕದ ಮನೆಯಿಂದ ಬಂತು. ಕಾಫಿ ಚೆನ್ನಾಗಿತ್ತು, ಆದರೆ ಸ್ವಂತ ಊರಿನ ರೀತಿಯನ್ನು ನಾನೇ ತಪ್ಪಿದ್ದೆ. ಲೊಂಬಾರ್ಡ್‌ನ ಬೆಂಚು ಎಷ್ಟು ಗಟ್ಟಿಯಿತ್ತೆಂದು ಅವತ್ತು ತಿಳಿಯಿತು.

ಆ ವರ್ಷವೇ ವಾಲ್ಟರ್ ತೀರಿಕೊಂಡರು. ಈಗಲೂ ಶನಿವಾರಗಳಂದು ನಾನು ಹದಿನಾಲ್ಕು ಮೆಟ್ಟಿಲು ಇಳಿದು ಹೋಗುತ್ತೇನೆ. ಈಡಿತ್ ಜಗ್ಗು ಹಿಡಿದು ಬರುತ್ತಾರೆ. ನನಗೆ ಕಾಫಿ ಬೇಕೇ ಬೇಕು, ಬೇಕೆನ್ನಲು ಈಗ ಸಂಕೋಚವೂ ಇಲ್ಲ. ಆದರೆ ಮೂರು ಸಲ ಕೇಳಿಸಿಕೊಳ್ಳಲು ಈ ಊರಿನಲ್ಲಿ ಅವರಿಗೆ ಇನ್ಯಾರಿದ್ದಾರೆ? ಕಪ್ಪಿನ ಮೇಲೆ ಅಂಗೈ ಅಡ್ಡ ಹಿಡಿದು, “ಬೇಡ, ಈಗ ತಾನೇ ಆಯಿತು” ಅನ್ನುತ್ತೇನೆ.